ದಿನಬಳಕೆಗೆ ವಾಟರ್‌ಪ್ರೂಫ್ ಬ್ಲೂಟೂತ್ ಸ್ಪೀಕರ್: 20 ವಾಟ್ ಸಾಕೇ, 40 ಬೇಕೇ?

ಬಚ್ಚಲುಮನೆ, ಅಡುಗೆಮನೆ, ಅಪರೂಪಕ್ಕೊಮ್ಮೆ ಹೊರಗಡೆ, ಇಷ್ಟಕ್ಕೆ 20 ವಾಟಿನದು ಸಾಕೇ ಎಂದು ಕೇಳಿದ್ದೀರಿ. ಧಾರಾಳವಾಗಿ ಸಾಕು. ವಾಟ್ ಇಮ್ಮಡಿಯಾದರೆ ಸದ್ದು ಹೆಚ್ಚುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು. ಡಬ್ಬಿಯ ಮೇಲಿರುವುದು ‘ಪೀಕ್’ ವಾಟ್ (ಕ್ಷಣಮಾತ್ರ ಮುಟ್ಟುವ ಗರಿಷ್ಠ) ಆದರೆ ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ, ಆರ್‌ಎಂಎಸ್, ಅಂದರೆ ಸತತವಾಗಿ ಕೊಡಬಲ್ಲ ವಾಟ್, ಎಷ್ಟೆಂದು ನೋಡಿ.

ವಾಟಿಗಿಂತ ಮುಖ್ಯವಾದದ್ದು ಐಪಿ ರೇಟಿಂಗ್, ಅಂದರೆ ಧೂಳು, ನೀರು ಒಳನುಗ್ಗದಂತೆ ಎಷ್ಟು ತಡೆಯುತ್ತದೆ ಎಂಬ ಅಳತೆ. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ಅದಕ್ಕೆ ರೇಟಿಂಗ್ ಕೊಟ್ಟಿಲ್ಲ ಎಂದರ್ಥ. ಐಪಿಎಕ್ಸ್4 ಎರಚಲು ಹನಿಗೆ, ಐಪಿಎಕ್ಸ್5 ಪೈಪಿನಿಂದ ಚಿಮ್ಮುವ ನೀರಿಗೆ, ಐಪಿಎಕ್ಸ್7 ಎಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. 7 ಇದ್ದ ಮಾತ್ರಕ್ಕೆ 5 ಕೂಡ ಪಾಸಾಗಿದೆ ಎಂದಲ್ಲ. ಮುಳುಗಿಸುವ ಪರೀಕ್ಷೆಯೇ ಬೇರೆ, ರಭಸದ ನೀರಿನ ಪರೀಕ್ಷೆಯೇ ಬೇರೆ. ನಿಮಗೆ ಐಪಿ67 ಸರಿಹೋಗುತ್ತದೆ. ಮರಳು, ಧೂಳು ಇರುವಲ್ಲಿಗೆ ಒಯ್ಯುವುದೇ ಇಲ್ಲ ಎಂದಾದರೆ ಐಪಿಎಕ್ಸ್7 ಕೂಡ ನಡೆಯುತ್ತದೆ.

ಈ ಪರೀಕ್ಷೆಗಳೆಲ್ಲ ಸಿಹಿನೀರಿನಲ್ಲಿ, ಹೊಸ ಸ್ಪೀಕರಿನ ಮೇಲೆ ನಡೆಯುವಂಥವು. ಸೋಪಿನ ನೀರು ಬರೀ ನೀರು ನುಗ್ಗದ ಸಂದಿಗೂ ನುಸುಳುತ್ತದೆ, ಬಿಸಿ ಹಬೆ ಸೀಲಿನ ಆಯಸ್ಸು ತಿನ್ನುತ್ತದೆ. ಬಚ್ಚಲಲ್ಲಿ ಶವರ್‌ನಿಂದ ದೂರ ಇಡಿ. ಸೋಪು, ಉಪ್ಪುನೀರು, ಈಜುಕೊಳದ ನೀರು ತಾಗಿದರೆ ಚಾರ್ಜಿಂಗ್ ಪೋರ್ಟಿನ ಮುಚ್ಚಳ ಭದ್ರವಾಗಿದೆಯೇ ನೋಡಿಕೊಂಡು ಸಾದಾ ನೀರಿನಲ್ಲಿ ಮೆಲ್ಲಗೆ ತೊಳೆಯಿರಿ.

ನೀರಿಗೆ ಬಿದ್ದು ಬದುಕಿದ ಸ್ಪೀಕರನ್ನು ಕೊಲ್ಲುವುದು ಹೆಚ್ಚಾಗಿ ಚಾರ್ಜರ್. ಪೋರ್ಟ್ ಒದ್ದೆ ಇರುವಾಗ ಕೇಬಲ್ ಚುಚ್ಚಿದರೆ ಕರೆಂಟ್ ಹರಿದು ಪಿನ್ನುಗಳು ಸವೆದು ಕಿಲುಬುಗಟ್ಟುತ್ತವೆ. ಪೋರ್ಟ್ ಕೆಳಮುಖ ಮಾಡಿ ಕೊಡವಿ, ಬಟ್ಟೆಯಿಂದ ಒರೆಸಿ, ಕೆಲವು ಗಂಟೆ ಫ್ಯಾನ್ ಗಾಳಿಯಲ್ಲಿಡಿ. ಹೇರ್ ಡ್ರೈಯರ್ ಬೇಡ, ಬಿಸಿಗೆ ಅಂಟು ಸಡಿಲಾಗುತ್ತದೆ. ರಬ್ಬರ್ ಮುಚ್ಚಳವಿರುವ ಮಾದರಿಯಲ್ಲಿ ಅದು ಪೂರ್ತಿ ಮುಚ್ಚಿದ್ದರೆ ಮಾತ್ರ ರೇಟಿಂಗಿಗೆ ಬೆಲೆ. ಕೊಳ್ಳುವಾಗಲೇ ನಾಲ್ಕಾರು ಸಲ ತೆಗೆದು ಮುಚ್ಚಿ ನೋಡಿ: ಸಡಿಲವಿದ್ದರೆ ಅಲ್ಲೇ ಬಿಡಿ.

ಇನ್ನು ಧ್ವನಿ. ಚಿಕ್ಕ ಸ್ಪೀಕರ್‌ಗಳು ಕಡಿಮೆ ವಾಲ್ಯೂಮಿನಲ್ಲಿ ಬೇಸ್ ಅನ್ನು ಕೃತಕವಾಗಿ ಏರಿಸಿ, ವಾಲ್ಯೂಮ್ ಏರಿದಂತೆ ಇಳಿಸುತ್ತವೆ. ಇಲ್ಲದಿದ್ದರೆ ಡ್ರೈವರ್ (ಒಳಗೆ ಕಂಪಿಸಿ ಸದ್ದು ಮಾಡುವ ಭಾಗ) ಒಡಕು ದನಿ ಹೊರಡಿಸುತ್ತದೆ. ಅಂಗಡಿಯಲ್ಲಿ ಮೆಲ್ಲಗೆ ಹಾಕಿ ತೋರಿಸಿದಾಗ ಎಲ್ಲವೂ ಚೆನ್ನಾಗಿಯೇ ಕೇಳುವುದು ಈ ಕಾರಣಕ್ಕೆ. ಪರಿಚಿತ ಹಾಡೊಂದನ್ನೂ ಬರೀ ಮಾತಿರುವ ಪಾಡ್‌ಕಾಸ್ಟನ್ನೂ 30 ಶೇಕಡದಲ್ಲಿ ಒಮ್ಮೆ, 80ರಲ್ಲಿ ಒಮ್ಮೆ ಕೇಳಿ. 80ರಲ್ಲಿ ದನಿ ಕೀರಲಾದರೆ ಹೊರಗಡೆ ಪ್ರಯೋಜನವಿಲ್ಲ. ಬಯಲಲ್ಲಿ ಸದ್ದನ್ನು ಮರಳಿಸುವ ಗೋಡೆಗಳೂ ಇರುವುದಿಲ್ಲವಲ್ಲ.

ಬ್ಯಾಟರಿಯ ಗಂಟೆಗಳನ್ನು ಸಾಮಾನ್ಯವಾಗಿ ಅರ್ಧ ವಾಲ್ಯೂಮ್ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಅಳೆದಿರುತ್ತಾರೆ. ಜೋರಾಗಿ ಹಾಕಿದರೆ ಅರ್ಧಕ್ಕೂ ಕಡಿಮೆ ಬರಬಹುದು. ಎರಡು ಮಾದರಿಗಳನ್ನು ಹೋಲಿಸಲು ಎಂಎಎಚ್‌ಗಿಂತ (ಮಿಲಿಆಂಪ್-ಅವರ್) ವಾಟ್-ಅವರ್ ನಂಬಿ, ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿ ಹೇಳುವುದು ಅದೇ. 3.6 ವೋಲ್ಟಿನ 2600 ಎಂಎಎಚ್ ಎಂದರೆ ಸುಮಾರು 9.4 ವಾಟ್-ಅವರ್.

ಬ್ಲೂಟೂತ್ 5.0ಗೂ 5.3ಗೂ ಧ್ವನಿಯಲ್ಲಿ ವ್ಯತ್ಯಾಸ ಹುಡುಕಬೇಡಿ. ಐಫೋನ್ ಇದ್ದರೆ ಎಎಸಿ ಕೋಡೆಕ್ (ಬ್ಲೂಟೂತಿನಲ್ಲಿ ಕಳಿಸಲು ಧ್ವನಿಯನ್ನು ಕುಗ್ಗಿಸುವ ವಿಧಾನ) ಇದೆಯೇ ನೋಡಿ ಸಾಕು, ಆಪ್ಟ್‌ಎಕ್ಸ್ ಎಂಬ ಇನ್ನೊಂದು ಕೋಡೆಕ್ ಐಫೋನಿನಲ್ಲಿ ಇಲ್ಲ. ಗೇಮ್ ಆಡುವುದಾದರೆ ಸದ್ದು ತಡವಾಗಿ ಬರುವುದು ಗೊತ್ತಾಗುತ್ತದೆ, ಆಗ ಆಕ್ಸ್ ಕಿಂಡಿ (ತಂತಿ ಚುಚ್ಚಿ ಸದ್ದು ಕೇಳುವ ಕಿಂಡಿ) ಇರುವ ಮಾದರಿ ಹುಡುಕಿ. ಈಚಿನ ಹಲವು ಮಾದರಿಗಳಲ್ಲಿ ಅದನ್ನು ತೆಗೆದುಬಿಟ್ಟಿದ್ದಾರೆ.

ತೂಕ ಅರ್ಧ ಕೆಜಿ ದಾಟಿದರೆ ಕೋಣೆಯಿಂದ ಕೋಣೆಗೆ ಒಯ್ಯಲು ಬೇಸರವಾಗುತ್ತದೆ. 40 ವಾಟಿನ ಒಂದರ ಹಣದಲ್ಲಿ ಒಂದೇ ಮಾದರಿಯ ಚಿಕ್ಕವು ಎರಡು ಬರುವುದಾದರೆ ನನ್ನ ಮತ ಅದಕ್ಕೇ. ಸ್ಟೀರಿಯೊ ಜೋಡಣೆ (ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ನುಡಿಸುವುದು) ಇದೆಯೇ ಎಂದು ಮಾತ್ರ ಮೊದಲೇ ಖಚಿತಪಡಿಸಿಕೊಳ್ಳಿ, ಬೇರೆ ಬೇರೆ ಕಂಪನಿಯವು ಆ ರೀತಿ ಜೋಡಿಯಾಗುವುದು ಅಪರೂಪ.