ಟೋಪಿಯೊಳಗಿನ ಕಲ್ಲು ಮತ್ತು ನಿಮ್ಮ ನಗು

ಮಾನ್ಯರೇ,

ನಿಮ್ಮ ‘ಚಿನ್ನದ ತಗಡಿನ ಧರ್ಮ’ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ. ವಿಷಾದದ ಎರಡು ಸಾಲು ಬರೆದು ಹಿಂದಿರುಗಿಸಬಹುದಿತ್ತು. ಆದರೆ ವಿಷಯ ಗಟ್ಟಿಯಾಗಿದೆ, ನೀವು ಸಾಕಷ್ಟು ಓದಿಕೊಂಡಿದ್ದೀರಿ ಎಂಬುದೂ ಕಾಣುತ್ತದೆ. ಹಾಗಾಗಿ ಸ್ವಲ್ಪ ದೀರ್ಘವಾಗಿ, ಸ್ವಲ್ಪ ಖಾರವಾಗಿಯೇ ಬರೆಯುತ್ತಿದ್ದೇನೆ.

ಅಮೆರಿಕದ ಯೂಟಾದಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮನೆತನಗಳಲ್ಲಿ ಹುಟ್ಟಿ ಬೆಳೆದು, ನಡುವಯಸ್ಸಿನಲ್ಲಿ ಚರ್ಚ್ ತೊರೆದವರ ಕಥೆ ಹೇಳುತ್ತೇನೆಂದು ನೀವು ಹೊರಡುತ್ತೀರಿ. ಎರಡನೆಯ ಪುಟಕ್ಕೇ ಅವರನ್ನು ಕೈಬಿಟ್ಟು ಪಂಥದ ಸ್ಥಾಪಕ ಜೋಸೆಫ್ ಸ್ಮಿತ್‌ನ ಗೇಲಿಗೆ ಇಳಿಯುತ್ತೀರಿ. ದೇವದೂತ ತೋರಿಸಿದ ಚಿನ್ನದ ತಗಡುಗಳು, ಟೋಪಿಯೊಳಗೆ ಕಲ್ಲಿಟ್ಟು ಅದರಲ್ಲಿ ಮುಖ ಹುದುಗಿಸಿಕೊಂಡು ಆ ತಗಡುಗಳ ಅನುವಾದವೆಂದು ‘ಮಾರ್ಮನ್ ಗ್ರಂಥ’ವನ್ನು ಹೇಳಿ ಬರೆಸಿದ್ದು, 1830ರಲ್ಲಿ ಚರ್ಚ್ ಸ್ಥಾಪಿಸಿದ್ದು, ಎಲ್ಲವೂ ನಿಮಗೆ ನಗೆಯ ಸರಕು. ಪ್ರತಿ ವಾಕ್ಯದ ಕೊನೆಯಲ್ಲಿ ಓದುಗನ ಪಕ್ಕೆ ತಿವಿಯುತ್ತೀರಿ. ಮೂರು ಪುಟ ಕಳೆಯುವಷ್ಟರಲ್ಲಿ ನನಗೆ ಜೋಸೆಫ್ ಸ್ಮಿತ್‌ಗಿಂತ ನಿಮ್ಮ ಮೇಲೆಯೇ ಹೆಚ್ಚು ಬೇಸರ ಬಂತು.

ಪವಾಡ ವಿಚಿತ್ರವಾಗಿದೆ ಎಂಬ ಕಾರಣಕ್ಕೆ ಚರ್ಚ್ ಬಿಟ್ಟೆವೆಂದು ನೀವು ಮಾತನಾಡಿಸಿದ ಯಾರೂ ಹೇಳಿಲ್ಲ. ನಿಮ್ಮ ಟಿಪ್ಪಣಿಗಳನ್ನೇ ಇನ್ನೊಮ್ಮೆ ಓದಿ. ದೇವದೂತನನ್ನು ಅವರು ಎಳವೆಯಿಂದ ನಂಬಿದ್ದರು, ಬೇಕಿದ್ದರೆ ಮುಂದೆಯೂ ನಂಬುತ್ತಿದ್ದರು. ಅವರ ಪ್ರಶ್ನೆ ಬೇರೆ: ಇದನ್ನು ನಮಗೆ ಮೊದಲೇ ಏಕೆ ಹೇಳಲಿಲ್ಲ? ಕೇಳಿದ ಮೇಲೆ ಕೊಟ್ಟ ಉತ್ತರ ಏಕೆ ಹೀಗಿದೆ?

ಟೋಪಿಯ ಕಲ್ಲನ್ನೇ ತೆಗೆದುಕೊಳ್ಳಿ. ಚರ್ಚ್‌ನ ಚಿತ್ರಗಳಲ್ಲಿ ಜೋಸೆಫ್ ಮೇಜಿನ ಮುಂದೆ ಕುಳಿತು ತಗಡುಗಳನ್ನು ನೋಡುತ್ತಾ ಗಂಭೀರವಾಗಿ ಓದುತ್ತಿರುತ್ತಾನೆ. ಮಕ್ಕಳು ಕಂಡದ್ದು ಆ ಚಿತ್ರ. ಮಿಷನರಿಯಾಗಿ ಊರೂರು ಅಲೆದ ಯುವಕರು ಅಪರಿಚಿತರ ಬಾಗಿಲಲ್ಲಿ ಹೇಳಿದ್ದೂ ಅದೇ ಕಥೆ. ಟೋಪಿ, ಕಲ್ಲು ಎಂದು ಯಾರಾದರೂ ಎದುರು ನುಡಿದರೆ ಅದು ವಿರೋಧಿಗಳ ಕಟ್ಟುಕಥೆ ಎಂದು ಅವರೇ ಪ್ರಾಮಾಣಿಕವಾಗಿ ಅಲ್ಲಗಳೆದಿದ್ದರು. 2013ರ ಕೊನೆಯಲ್ಲಿ ಚರ್ಚ್ ತನ್ನ ಅಧಿಕೃತ ಪ್ರಬಂಧದಲ್ಲಿ ಕಲ್ಲನ್ನೂ ಟೋಪಿಯನ್ನೂ ಒಪ್ಪಿಕೊಂಡಿತು. 2015ರ ಆಗಸ್ಟ್‌ನಲ್ಲಿ ಕಂದು ಬಣ್ಣದ ಆ ಕಲ್ಲಿನ ಛಾಯಾಚಿತ್ರವನ್ನೇ ಬಿಡುಗಡೆ ಮಾಡಿತು.

‘ಚರ್ಚ್ ಇದನ್ನು ಮುಚ್ಚಿಟ್ಟಿತ್ತು’ ಎಂದು ಬರೆದು ನೀವು ಮುಂದೆ ಸಾಗಿದ್ದೀರಿ. ಚರ್ಚ್‌ನ ಸಮರ್ಥಕರು ಈ ವಾಕ್ಯಕ್ಕಾಗಿಯೇ ಕಾಯುತ್ತಿರುತ್ತಾರೆ. 1993ರ ಜುಲೈ ತಿಂಗಳಲ್ಲಿ ಚರ್ಚ್‌ನದೇ ಮಾಸಪತ್ರಿಕೆ ‘ಎನ್‌ಸೈನ್’ನಲ್ಲಿ ರಸೆಲ್ ನೆಲ್ಸನ್, ಮುಂದೆ 2018ರಲ್ಲಿ ಚರ್ಚ್‌ನ ಅಧ್ಯಕ್ಷರಾದವರು, ಟೋಪಿಯ ಬಗ್ಗೆ ಜೋಸೆಫ್‌ನ ಆರಂಭದ ಸಂಗಡಿಗ ಡೇವಿಡ್ ವಿಟ್ಮರ್ ಕೊಟ್ಟ ಹೇಳಿಕೆಯನ್ನು ಉಲ್ಲೇಖಿಸಿದ್ದರು. ‘ಮುಚ್ಚಿಟ್ಟದ್ದೆಲ್ಲಿ? ನೀವು ಓದಲಿಲ್ಲ, ಅಷ್ಟೇ’ ಎನ್ನುತ್ತಾರೆ ಸಮರ್ಥಕರು. ತೊರೆದವರನ್ನು ಕೆರಳಿಸುವುದು ಈ ಉತ್ತರವೇ. ಎಲ್ಲೋ ಒಂದು ಸಂಚಿಕೆಯಲ್ಲಿ ಅಚ್ಚಾಗಿರುವುದಕ್ಕೂ ಭಾನುವಾರದ ತರಗತಿಯಲ್ಲಿ ಕಲಿಸುವುದಕ್ಕೂ ಅಂತರವಿಲ್ಲವೇ? 1981ರಲ್ಲಿ ಚರ್ಚ್‌ನ ಹಿರಿಯ ನಾಯಕ ಬಾಯ್ಡ್ ಪ್ಯಾಕರ್ ಧರ್ಮಶಿಕ್ಷಕರನ್ನು ಉದ್ದೇಶಿಸಿ, ಕೆಲವು ಸಂಗತಿಗಳು ನಿಜವಾದರೂ ಅಷ್ಟೇನೂ ಉಪಯುಕ್ತವಲ್ಲ ಎಂಬರ್ಥದ ಮಾತನ್ನಾಡಿದ್ದರು. ಅಡಗಿಸುವುದು ಮತ್ತು ಕಲಿಸದಿರುವುದು, ಇವೆರಡರ ನಡುವಿನ ಜಗಳವೇ ನಿಮ್ಮ ಲೇಖನವಾಗಬೇಕಿತ್ತು.

ಬೈಬಲ್‌ನ ಮೂಲಪುರುಷ ಅಬ್ರಹಾಮನೇ ಬರೆದದ್ದೆಂದು ಜೋಸೆಫ್ ಮುಂದಿಟ್ಟ ‘ಅಬ್ರಹಾಮನ ಗ್ರಂಥ’ಕ್ಕೆ ನೀವು ಒಂದೇ ಪ್ಯಾರಾ ಕೊಟ್ಟಿದ್ದೀರಿ. ನಾನಾಗಿದ್ದರೆ ಅರ್ಧ ಲೇಖನವನ್ನೇ ಕೊಡುತ್ತಿದ್ದೆ. 1835ರಲ್ಲಿ ಓಹಾಯೋದ ಕರ್ಟ್‌ಲ್ಯಾಂಡ್‌ನಲ್ಲಿ ಜೋಸೆಫ್ ಮತ್ತು ಸಂಗಡಿಗರು ನಾಲ್ಕು ಈಜಿಪ್ಟಿನ ಮಮ್ಮಿಗಳನ್ನೂ ಅವುಗಳೊಂದಿಗಿದ್ದ ಪಪೈರಸ್ ಸುರುಳಿಗಳನ್ನೂ 2,400 ಡಾಲರ್‌ಗೆ ಕೊಂಡರು. ಅದರಲ್ಲಿ ಅಬ್ರಹಾಮನ ಬರಹವಿದೆ ಎಂದು ಹೇಳಿ ಜೋಸೆಫ್ ಅನುವಾದಿಸಿದ. 1842ರಲ್ಲಿ ಅದು ಅಚ್ಚಾಯಿತು, 1880ರಲ್ಲಿ ಪವಿತ್ರಗ್ರಂಥಗಳ ಸಾಲಿಗೆ ಸೇರಿತು. ಮೂಲ ಸುರುಳಿಗಳು 1871ರ ಶಿಕಾಗೋ ಬೆಂಕಿಯಲ್ಲಿ ಸುಟ್ಟುಹೋದವೆಂದೇ ಎಲ್ಲರೂ ತಿಳಿದಿದ್ದರು. ಹಾಗಿರುವಾಗ 1967ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ತನ್ನ ಬಳಿಯಿದ್ದ ತುಂಡುಗಳನ್ನು ಚರ್ಚ್‌ಗೆ ಹಸ್ತಾಂತರಿಸಿತು. ಈಜಿಪ್ಟ್ ತಜ್ಞರು ಓದಿದರು. ಅವುಗಳಲ್ಲಿ ಮುಖ್ಯವಾದದ್ದು ಹೋರ್ ಎಂಬ ಪುರೋಹಿತನ ಶವದೊಂದಿಗೆ ಇಟ್ಟಿದ್ದ ಅಂತ್ಯಸಂಸ್ಕಾರದ ಪಠ್ಯ, ಅಬ್ರಹಾಮನ ಕಾಲಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಈಚಿನದು.

ಇಲ್ಲಿ ನೀವು ‘ಸಮರ್ಥಕರ ಬಳಿ ಉತ್ತರವಿಲ್ಲ’ ಎಂದು ಬರೆದಿದ್ದೀರಿ. ಉತ್ತರವಿದೆ, ಒಂದಲ್ಲ ಎರಡಿವೆ. ಅಕ್ಷರಗಳು ಜೋಸೆಫ್‌ನ ಅನುವಾದಕ್ಕೆ ಹೊಂದುವುದಿಲ್ಲ ಎಂದು 2014ರ ಪ್ರಬಂಧದಲ್ಲಿ ಚರ್ಚ್ ಒಪ್ಪಿಕೊಂಡೇ ಅವೆರಡನ್ನೂ ಮುಂದಿಡುತ್ತದೆ. ಅಬ್ರಹಾಮನ ಬರಹವಿದ್ದ ಭಾಗ ಕಳೆದುಹೋಗಿರಬಹುದು ಎಂಬುದು ಮೊದಲನೆಯದು. ಪಪೈರಸ್ ಬರೀ ನಿಮಿತ್ತ, ದರ್ಶನ ನೇರವಾಗಿ ದೇವರಿಂದ ಬಂತು ಎಂಬುದು ಎರಡನೆಯದು. ಇವುಗಳನ್ನು ಅವುಗಳ ಪೂರ್ಣ ಬಲದೊಂದಿಗೆ ಬರೆಯಿರಿ. ಆಮೇಲೆ ತೊರೆದವರ ಮರುಪ್ರಶ್ನೆಯನ್ನು ಇಡಿ: ಬರಹ ಸುರುಳಿಯಲ್ಲಿತ್ತು ಎನ್ನುವುದಾದರೆ ನಿಮಿತ್ತದ ವಾದ ಏಕೆ ಬೇಕು, ನಿಮಿತ್ತವೇ ಆಗಿದ್ದರೆ ಕಳೆದುಹೋದ ಭಾಗವನ್ನು ಏಕೆ ಹುಡುಕಬೇಕು? ‘ಈ ದಾಖಲೆಯ ಆರಂಭದಲ್ಲಿರುವ ಚಿತ್ರ’ ಎಂದು ಅಬ್ರಹಾಮನ ಗ್ರಂಥವೇ ಒಂದು ಚಿತ್ರವನ್ನು ಸೂಚಿಸುತ್ತದೆ. ಉಳಿದಿರುವ ತುಂಡುಗಳಲ್ಲಿ ಆ ಚಿತ್ರವಿದೆ. ಅದರ ಮಗ್ಗುಲಲ್ಲೇ ಇರುವುದು ಹೋರ್‌ನ ಪಠ್ಯ. ಇಷ್ಟನ್ನು ಬಿಡಿಬಿಡಿಯಾಗಿ ಹೇಳಿದರೆ ಸಾಕು, ಓದುಗನನ್ನು ತಿವಿಯುವ ಅಗತ್ಯವೇ ಬೀಳುವುದಿಲ್ಲ.

ಬಹುಪತ್ನಿತ್ವದ ಭಾಗದಲ್ಲಿ ತಪ್ಪುಗಳಿವೆ. ಮಾರ್ಮನ್ನರು ಇಂದಿಗೂ ಅದನ್ನು ಪಾಲಿಸುತ್ತಾರೆ ಎಂದಿದ್ದೀರಿ. ಮುಖ್ಯ ಚರ್ಚ್ 1890ರಲ್ಲಿ ಅದನ್ನು ಕೈಬಿಡುವ ಘೋಷಣೆ ಹೊರಡಿಸಿತು, 1904ರಲ್ಲಿ ಇನ್ನಷ್ಟು ಬಿಗಿಗೊಳಿಸಿತು. ಇಂದು ಪಾಲಿಸುವವರು ಸಿಡಿದುಹೋದ ಪಂಗಡದವರು. ಜೋಸೆಫ್‌ನ ಪತ್ನಿಯರ ಸಂಖ್ಯೆಯನ್ನು ಖಚಿತವಾಗಿ ಕೊಟ್ಟಿದ್ದೀರಿ. ಚರ್ಚ್‌ನ ಪ್ರಬಂಧ 30ರಿಂದ 40 ಎನ್ನುತ್ತದೆ, ಹಾಗೆಯೇ ಬರೆಯಿರಿ. ಅತಿ ಕಿರಿಯಳ ವಿವಾಹ ಅವಳ 15ನೆಯ ಹುಟ್ಟುಹಬ್ಬಕ್ಕೆ ಹಲವು ತಿಂಗಳ ಮೊದಲು ನಡೆಯಿತು ಎಂದು ಅದೇ ಪ್ರಬಂಧ ಹೇಳುತ್ತದೆ. ಆ ವಾಕ್ಯವನ್ನು ಹಾಗೆಯೇ ಕೊಟ್ಟುಬಿಡಿ, ನಿಮ್ಮ ‘ರಾಕ್ಷಸೀ’, ‘ಕಾಮುಕ’ ಎಂಬ ವಿಶೇಷಣಗಳನ್ನು ತೆಗೆಯಿರಿ. ಕಪ್ಪು ಜನಾಂಗದ ಗಂಡಸರಿಗೆ 1978ರವರೆಗೆ ಯಾಜಕತ್ವ ನಿರಾಕರಿಸಿದ್ದನ್ನು ಚೆನ್ನಾಗಿ ಬರೆದಿದ್ದೀರಿ. ಜೋಸೆಫ್‌ನ ಕಾಲದಲ್ಲೇ ಎಲೈಜಾ ಏಬಲ್ ಎಂಬ ಕಪ್ಪು ವ್ಯಕ್ತಿ ಯಾಜಕನಾಗಿದ್ದ ಎಂಬುದನ್ನು ಸೇರಿಸಿ, ಅಷ್ಟು ಸಾಕು.

ಇಡೀ ಲೇಖನದಲ್ಲಿ ನಾನು ಗೆರೆ ಎಳೆದುಕೊಂಡ ವಾಕ್ಯ ಒಂದೇ: ಮಗಳ ಮದುವೆ ಮಾರ್ಮನ್ನರ ‘ದೇವಾಲಯ’ದೊಳಗೆ ನಡೆಯುತ್ತಿದ್ದಾಗ ಚರ್ಚ್ ತೊರೆದ ತಾಯಿಯೊಬ್ಬಳು ಹೊರಗೆ ಕಾದಳು ಎಂಬುದು. ಚರ್ಚ್‌ನ ಅನುಮತಿಪತ್ರವಿಲ್ಲದವರಿಗೆ ದೇವಾಲಯದೊಳಗೆ ಪ್ರವೇಶವಿಲ್ಲ, ಹೆತ್ತವರಾದರೂ ಸರಿ. ಅಮೆರಿಕದಲ್ಲಿ ಮೊದಲು ಎಲ್ಲರೆದುರು ಕಾನೂನುಬದ್ಧ ಮದುವೆಯಾದರೆ ದೇವಾಲಯದ ವಿಧಿಗೆ ಒಂದು ವರ್ಷ ಕಾಯಬೇಕಿತ್ತು. ಆ ನಿಯಮ ಸಡಿಲವಾದದ್ದು 2019ರ ಮೇ ತಿಂಗಳಲ್ಲಿ. ಆ ತಾಯಿ ಯಾವ ವರ್ಷ ಹೊರಗೆ ಕಾದಳು? ಮಗಳು ಹೊರಬಂದ ಮೇಲೆ ಏನು ಮಾತಾಯಿತು? ಕೇಳಿದ್ದೀರಾ? ಕೇಳದಿದ್ದರೆ ಕೇಳಿ. ಪಪೈರಸ್‌ನ ವಾದದಲ್ಲಿ ಗೆದ್ದವರು ಊಟದ ಮೇಜಿನಲ್ಲಿ ಏನೇನು ಕಳೆದುಕೊಂಡರು ಎಂಬುದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಕೊರತೆ. ನೀವು ಮಾತನಾಡಿಸಿದವರೆಲ್ಲ ಒಂದೇ ದನಿಯವರು. ಜೋಸೆಫ್‌ನ ಜೀವನಚರಿತ್ರೆ ಬರೆದ ಫಾನ್ ಬ್ರೋಡಿಯನ್ನು ಚರ್ಚ್ 1946ರಲ್ಲಿ ಬಹಿಷ್ಕರಿಸಿತು ಎಂದು ಬರೆದಿರಿ, ಸರಿ. ಅದೇ ಜೋಸೆಫ್‌ನ ಬೃಹತ್ ಜೀವನಚರಿತ್ರೆಯನ್ನು 2005ರಲ್ಲಿ ಪ್ರಕಟಿಸಿದ ಇತಿಹಾಸಕಾರ ರಿಚರ್ಡ್ ಬುಶ್‌ಮನ್ ಈ ಎಲ್ಲ ಕಾಗದಪತ್ರಗಳನ್ನು ಬಲ್ಲವರು, ಆದರೂ ನಂಬಿಕೆ ಬಿಡಲಿಲ್ಲ. ಎಲ್ಲ ತಿಳಿದೂ ಉಳಿದವರೊಬ್ಬರನ್ನು ಹುಡುಕಿ ಮಾತನಾಡಿಸಿ. ಅವರಿಂದ ನಿಮ್ಮ ವಾದ ದುರ್ಬಲವಾಗುತ್ತದೆ ಎಂಬ ಹೆದರಿಕೆಯಿದ್ದರೆ ವಾದದಲ್ಲೇ ಏನೋ ಐಬಿದೆ.

ಕೊನೆಯ ಪುಟದ ‘ನಮ್ಮ ನೆಲದಲ್ಲಿ ಇಂಥ ಮೌಢ್ಯಕ್ಕೆ ಎಡೆಯಿಲ್ಲ’ ಎಂಬ ಭಾಗವನ್ನು ಪೂರ್ತಿ ಹೊಡೆದು ಹಾಕಿದ್ದೇನೆ, ಚರ್ಚೆಗೆ ಅವಕಾಶವಿಲ್ಲ. ಬೆಂಗಳೂರಿನಲ್ಲಿ ಈ ಚರ್ಚ್‌ನ ಮಿಷನ್ 1993ರಿಂದ ಇದೆ, ಅಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಘೋಷಣೆಯೂ ಆಗಿದೆ. ನಿಮ್ಮ ಓದುಗರಲ್ಲಿ ಅದರ ಸದಸ್ಯರೂ ಇರಬಹುದು. ಅವರು ಓದಿ ಸಿಟ್ಟಾಗಲಿ, ಆದರೆ ತಪ್ಪು ಹುಡುಕಲು ಆಗಬಾರದು.

ಶೀರ್ಷಿಕೆ ಬದಲಿಸಿ. ಪಪೈರಸ್‌ನಿಂದ ಆರಂಭಿಸಿ, ಸ್ಥಾಪನೆಯ ಇತಿಹಾಸಕ್ಕೆ ಎರಡು ಪ್ಯಾರಾ ಮೀರಬೇಡಿ. ಆ ತಾಯಿಯ ಹೆಸರು, ಊರು ಬೇಡ. ಅವಳ ಒಪ್ಪಿಗೆ ಮಾತ್ರ ಬರಹದಲ್ಲಿ ಬೇಕು. ತಿದ್ದಿದ ಪ್ರತಿಯ ಜೊತೆಗೆ ಅದನ್ನೂ ಕಳುಹಿಸಿ.

ಇತಿ,
ಸಂಪಾದಕ