ನ್ಯಾನೋ ಕೀಮೋ ಕ್ಯಾನ್ಸರ್ ಗೆಡ್ಡೆಗೆ ಮಾತ್ರ ಹೋಗುತ್ತದೆಯೇ? ಸಾಲ ಮಾಡಿಯಾದರೂ ತಾಯಿಗೆ ಹಾಕಿಸಲೇ?

ಗೆಡ್ಡೆಗೆ ಮಾತ್ರ ಹೋಗುತ್ತದೆ, ಹಾಗಾಗಿ ಅಡ್ಡ ಪರಿಣಾಮ ಇರುವುದಿಲ್ಲ ಅಂತ ನಾನೂ ನಂಬಿದ್ದೆ. ಅವ್ವನಿಗೆ ಅಂಡಾಶಯದ ಕ್ಯಾನ್ಸರ್ ಮರುಕಳಿಸಿದಾಗ ಡಾಕ್ಟರು ಬರೆದುಕೊಟ್ಟಿದ್ದು ಲೈಪೋಸೋಮಲ್ ಡಾಕ್ಸೊರುಬಿಸಿನ್. ಅದೇ ಹಳೆಯ ಕೆಂಪು ಕೀಮೋ ಔಷಧಿ. ಆದರೆ ಸುಮಾರು 100 ನ್ಯಾನೋಮೀಟರಿನ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಗುಳ್ಳೆಗಳೊಳಗೆ ತುಂಬಿರುತ್ತಾರೆ, ಅದಕ್ಕೇ ನ್ಯಾನೋ ಕೀಮೋ ಅನ್ನುವುದು. ಹೊಸದೇನಲ್ಲ, ಅಮೆರಿಕದಲ್ಲಿ 1995ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. "ನೇರ ಗೆಡ್ಡೆಗೇ ಹೋಗುತ್ತದೆ" ಎಂದು ಓದಿ ನಿಶ್ಚಿಂತೆಯಾಗಿದ್ದೆ.

ಮೊದಲ ಡೋಸ್ ಆದ ಮೇಲೆ ಅವ್ವ ಎದ್ದು ಓಡಾಡಿದಳು. ವಾಂತಿಯೂ ಅಷ್ಟಾಗಿ ಇರಲಿಲ್ಲ. ಜೋಳದ ರೊಟ್ಟಿ ಬಡಿಯಲು ಕೂತಾಗ ನಾನು ಬೇಡ ಅನ್ನಲಿಲ್ಲ, ಖುಷಿಪಟ್ಟೆ. ಬಿಸಿನೀರಲ್ಲಿ ನಾದಿದ ಹಿಟ್ಟು, ಒಂದೇ ಸಮ ಅಂಗೈ ಬಡಿತ, ಮುಂದೆ ಕಾದ ಹಂಚು. ಅಂಗೈ ಕೆಂಪಾಗಿದೆ, ಉರಿಯುತ್ತಿದೆ ಅಂದಾಗ "ಬಹಳ ದಿನದ ಮೇಲೆ ಬಡಿದಿದ್ದೀಯಲ್ಲ, ಅದಕ್ಕೆ" ಅಂದುಬಿಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಆಮೇಲೆ ಬೊಬ್ಬೆ ಎದ್ದು ಚರ್ಮ ಸುಲಿಯಿತು. ಅನ್ನ ಕಲಸಿಕೊಳ್ಳಲೂ ಆಗುತ್ತಿರಲಿಲ್ಲ. ಮುಂದಿನ ಡೋಸ್ ತಡವಾಯಿತು, ಪ್ರಮಾಣವನ್ನೂ ಇಳಿಸಬೇಕಾಯಿತು. ಕ್ಯಾನ್ಸರ್ ಇದ್ದಾಗ ಡೋಸ್ ತಪ್ಪುವುದು ಸಣ್ಣ ಮಾತಲ್ಲ.

ಆ ಗುಳ್ಳೆಗಳು ದಿನಗಟ್ಟಲೆ ರಕ್ತದಲ್ಲೇ ತಿರುಗುತ್ತವೆ. ಗೆಡ್ಡೆಯ ರಕ್ತನಾಳಗಳಲ್ಲಿ ಸಂದು ಜಾಸ್ತಿ, ಹಾಗಾಗಿ ಅಲ್ಲಿ ಸೋರಿ ಒಳಗೆ ಉಳಿಯುತ್ತವೆ ಅನ್ನುವುದು ಲೆಕ್ಕ. ಆದರೆ ಬಿಸಿ ತಾಗಿದ, ತಿಕ್ಕಾಟಕ್ಕೆ ಸಿಕ್ಕಿದ ಅಂಗೈ ಅಂಗಾಲುಗಳಲ್ಲೂ ಸೋರುತ್ತವೆ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2016ರ ವಿಶ್ಲೇಷಣೆಯಲ್ಲಿ, ಕೊಟ್ಟ ನ್ಯಾನೋಕಣಗಳ ಪೈಕಿ ಗೆಡ್ಡೆ ಸೇರಿದ್ದು ಶೇ 0.7ರ ಆಸುಪಾಸು ಮಾತ್ರ. ಬಹಳಷ್ಟನ್ನು ಲಿವರ್ ಮತ್ತು ಗುಲ್ಮ (ಸ್ಪ್ಲೀನ್) ಹಿಡಿದುಕೊಳ್ಳುತ್ತವೆ.

ಹಾಗಾದರೆ ಬೇಡವೇ? ನೀವು ಕೇಳಬೇಕಾದ ಪ್ರಶ್ನೆಯೇ ಬೇರೆ ಅನ್ನಿಸುತ್ತದೆ. ಔಷಧಿ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕಿಂತ ಏನನ್ನು ಉಳಿಸುತ್ತದೆ ಎಂದು ಡಾಕ್ಟರನ್ನು ಕೇಳಿ. ಸಾದಾ ಡಾಕ್ಸೊರುಬಿಸಿನ್ ಹೃದಯದ ಸ್ನಾಯುವಿಗೆ ಪೆಟ್ಟು ಕೊಡಬಲ್ಲದು. ಗುಳ್ಳೆಯೊಳಗಿದ್ದರೆ ಆ ಅಪಾಯ ಕಡಿಮೆ. ಬಿಪಿ ಇದ್ದ ಅವ್ವನಿಗೆ ಅದೇ ದೊಡ್ಡ ಲಾಭ. ನಿಮ್ಮ ತಾಯಿಯ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ನೋಡಿ ಡಾಕ್ಟರು ಇದೇ ಬೇಕು ಅಂದರೆ ಹಣ ಹೊಂದಿಸಿ. ಅಡ್ಡ ಪರಿಣಾಮವೇ ಇಲ್ಲ ಅಂತ ಯಾರೋ ಹೇಳಿದ್ದಕ್ಕೆ ಸುಮ್ನೆ ಸಾಲ ಮಾಡಬೇಡಿ.

ಹಾಕಿಸಿದರೆ, ಆಮೇಲಿನ ವಾರವಿಡೀ ಬಿಸಿನೀರಿನ ಸ್ನಾನ, ಪಾತ್ರೆ ತಿಕ್ಕುವುದು, ಬಿಗಿ ಚಪ್ಪಲಿ ಬೇಡ. ಅಂಗೈ ಜುಮ್ಮೆಂದ ದಿನವೇ ಆಸ್ಪತ್ರೆಗೆ ಫೋನ್ ಮಾಡಿ, ಮುಂದಿನ ಡೋಸ್ ದಿನದವರೆಗೆ ಕಾಯಬೇಡಿ.