ಢಿಕ್ಕಿ ಅಲ್ಲ, ಮೆಲ್ಲಗೆ ತಾಗಿದ್ದು

ನಮಸ್ಕಾರ. ನೆಪ್ಚೂನಿನಾಚೆಯ ಆರೊಕೋತ್ ಎಂಬ ಪುಟ್ಟ ಹಿಮಕಾಯದ ಬಗ್ಗೆ ನೀವು ಬರೆದ ‘ಸೌರವ್ಯೂಹದಂಚಿನ ಹಿಮಮಾನವ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕೋಕೆ ಆಗುವುದಿಲ್ಲ. ಬಿಸಾಕುವಂಥದ್ದೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಶೀರ್ಷಿಕೆ. ಹಿಮಮಾನವ ಅಂದರೆ ನಮ್ಮ ಓದುಗರಿಗೆ ಯೇತಿ ನೆನಪಾಗುತ್ತದೆ. ನೀವು ಹೇಳುತ್ತಿರುವುದು ಉಂಡೆ ಮೇಲೆ ಉಂಡೆ ಇಟ್ಟು ಮಾಡುವ ಹಿಮದ ಗೊಂಬೆಯ ವಿಷಯ. ‘ಅನಾದಿ ಕಾಲದಿಂದಲೂ ಮಾನವ...’ ಅಂತ ಶುರುವಾಗುವ ಪ್ಯಾರಾ ಪೂರ್ತಿ ತೆಗೆಯಿರಿ. ಸುಮ್ನೆ ಜಾಗ ತಿನ್ನುತ್ತದೆ.

ನಿಮ್ಮ ನಿಜವಾದ ಕಥೆ ಐದನೇ ಪ್ಯಾರಾದಲ್ಲಿ ಅಡಗಿ ಕೂತಿದೆ. 2019ರ ಜನವರಿ 1ರಂದು ನಾಸಾದ ನ್ಯೂ ಹೊರೈಜನ್ಸ್ ನೌಕೆ ಆರೊಕೋತ್‌ನಿಂದ ಸುಮಾರು 3,500 ಕಿ.ಮೀ. ದೂರದಲ್ಲಿ ಹಾದುಹೋಯಿತು. ಮೊದಲ ಚಿತ್ರ ನೋಡಿದವರು ಒಂದಕ್ಕೊಂದು ಅಂಟಿದ ಎರಡು ಗುಂಡನೆ ಉಂಡೆ ಅಂದುಕೊಂಡರು. ಫೆಬ್ರವರಿಯಲ್ಲಿ ಬೇರೆ ಚಿತ್ರಗಳು ಹೊರಬಂದವು. ನೌಕೆ ದಾಟಿಹೋಗುತ್ತಾ ಹಿಂತಿರುಗಿ ತೆಗೆದಂಥವು. ಅವುಗಳಲ್ಲಿ ಕಂಡದ್ದು ತೆಳು ಬೆಳಕಿನ ಗೀರು ಮಾತ್ರ. ಕತ್ತಲಲ್ಲಿರುವ ಭಾಗದ ಅಂಚು ಗೊತ್ತಾದದ್ದು, ಹಿಂದಿನ ನಕ್ಷತ್ರಗಳು ಎಲ್ಲೆಲ್ಲಿ ಮರೆಯಾದವು ಅಂತ ನೋಡಿ. ಉಂಡೆ ಚಪ್ಪಟೆ! ಇಂಥದ್ದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಲ್ಲ ಮಾರಾಯ್ರೇ. ಇಲ್ಲಿಂದಲೇ ಶುರು ಮಾಡಿ.

‘ಪ್ಯಾನ್‌ಕೇಕ್‌ನಂತೆ’ ಎಂದಿದ್ದೀರಿ. ಆಗ ವಿಜ್ಞಾನಿಗಳು ಹೇಳಿದ್ದೂ ಅದನ್ನೇ. ಆಮೇಲಿನ ಲೆಕ್ಕದಲ್ಲಿ ದೊಡ್ಡ ಭಾಗ ಸುಮಾರು 20 ಕಿ.ಮೀ. ಅಗಲ, 9 ಕಿ.ಮೀ. ದಪ್ಪ. ಸೆಟ್ ದೋಸೆ ಅನ್ನಿ. ಚಿಕ್ಕದನ್ನು ಅವರು ಅಕ್ರೋಟಿಗೆ ಹೋಲಿಸಿದ್ದರು. (ಆರೊಕೋತ್, ಅಕ್ರೋಟು ಅಂತ ಪ್ರಾಸಕ್ಕೆ ಮರುಳಾಗಬೇಡಿ. ಹೆಸರು ಅಮೆರಿಕದ ಮೂಲನಿವಾಸಿಗಳ ಪೊವ್ಹಾಟನ್ ಭಾಷೆಯದು, ಆಕಾಶ ಅಂತ ಅರ್ಥ.)

ಈಗ ದೊಡ್ಡ ತಪ್ಪು. ‘ಭೀಕರವಾಗಿ ಢಿಕ್ಕಿ ಹೊಡೆದು ಬೆಸೆದುಕೊಂಡವು.’ ಲಾರಿ-ಬಸ್ಸಿನ ಸುದ್ದಿ ಓದಿದ ಹಾಗಾಯಿತು. ಢಿಕ್ಕಿ ಜೋರಾಗಿದ್ದರೆ ಎರಡೂ ಕೂಡುವ ಕತ್ತಿನ ಹತ್ತಿರ ಜಜ್ಜಿಹೋದ, ಬಿರುಕು ಬಿಟ್ಟ ಗುರುತು ಇರಬೇಕಿತ್ತು, ಅಲ್ವಾ? ನೀವೇ ಕಳಿಸಿದ ಚಿತ್ರದಲ್ಲಿ ನೋಡಿ, ಅಂಥದ್ದೇನೂ ಇಲ್ಲ. ಸಣ್ಣ ಸಣ್ಣ ಹರಳುಗಳ ಮೋಡವೊಂದು ತನ್ನದೇ ಸೆಳೆತಕ್ಕೆ ಕುಸಿದು ಎರಡೂ ಅಕ್ಕಪಕ್ಕದಲ್ಲೇ ಹುಟ್ಟಿದವು. ಒಂದನ್ನೊಂದು ಸುತ್ತುತ್ತಾ ಹತ್ತಿರ ಬಂದು, ನಾವು ನಡೆಯುವಷ್ಟು ನಿಧಾನವಾಗಿ ತಾಗಿ ಅಂಟಿಕೊಂಡವು. ಈಗ ಹೆಚ್ಚಿನವರು ಒಪ್ಪುವುದು ಇದನ್ನೇ. ಎರಡರ ಮೈಬಣ್ಣವೂ ಹೆಚ್ಚುಕಡಿಮೆ ಒಂದೇ ಕೆಂಪು, ಅದನ್ನೂ ಸೇರಿಸಿ.

ಹೌಮಿಯಾ ಎಂಬ ಕುಬ್ಜಗ್ರಹದ ವಿಷಯ ಇಲ್ಲಿ ಬೇಡ. ಅದು ಮೊಟ್ಟೆಯಂತಾದದ್ದು 4 ಗಂಟೆಯೊಳಗೆ ಒಂದು ಸುತ್ತು ತಿರುಗುವ ರಭಸಕ್ಕೆ. ಅದೇ ಬೇರೆ ಕಥೆ, ಬೇಕಿದ್ದರೆ ಆಮೇಲೆ ಬರೆಯಿರಿ.

600 ಪದವೇ ಜಾಸ್ತಿ, ಅದರೊಳಗೆ ಮುಗಿಸಿ. ಚಿತ್ರ ಎರಡು ಕಳಿಸಿ: ಜನವರಿಯದೊಂದು, ಫೆಬ್ರವರಿಯದೊಂದು.